ಹಿತ್ತಲಿಲ್ಲದ ಊರಿನ ರೈಲು

ಆ ಊರಿನಲ್ಲಿ ಯಾವ ಮನೆಗೂ ಹಿತ್ತಲಿರಲಿಲ್ಲ. ಮನೆಗಳೆಲ್ಲ ಒಂದೇ ಸಾಲಿನಲ್ಲಿ, ಬಯಲಿಗೆ ಮುಖ ಮಾಡಿ ನಿಂತಿದ್ದವು. ಬಾಗಿಲು ಬಯಲಿನ ಕಡೆ, ಕಿಟಕಿ ಬಯಲಿನ ಕಡೆ, ಜಗಲಿ ಬಯಲಿನ ಕಡೆ. ಹಿಂದಿನ ಗೋಡೆಗಳು ಮಾತ್ರ ಕುರುಡು. ಅವುಗಳಾಚೆ ಆಳೆತ್ತರದ ಮುಳ್ಳುಪೊದೆ ಬೆಳೆದಿತ್ತು. ಅದರೊಳಗೆ ಏನಿದೆ ಎಂದು ಯಾರೂ ನೋಡಿದವರಿರಲಿಲ್ಲ, ನೋಡಬೇಕೆಂದು ಅನ್ನಿಸಿದವರೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಬೇರೆ ಊರುಗಳಲ್ಲಿ ಗಾದೆ ಹೇಳುತ್ತಾರೆ. ಈ ಊರಿನವರಿಗೆ ಅದನ್ನು ಹೇಳಿದ್ದರೆ, ಹಿತ್ತಲೆಂದರೇನು ಎಂದು ಕೇಳುತ್ತಿದ್ದರು.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹೋಗುವುದು ತಲುಪಬೇಕು. ತಲುಪಿದ್ದು ನಿಲ್ಲಬೇಕು. ನಿಂತದ್ದನ್ನು ಮರೆಯಬೇಕು. ತೊಟ್ಟಿಲಿಗೆ ಹಾಕುವಾಗಲೂ ಇದನ್ನೇ ಹೇಳುತ್ತಿದ್ದರು, ಮಣ್ಣಿಗೆ ಇಡುವಾಗಲೂ ಇದನ್ನೇ ಹೇಳುತ್ತಿದ್ದರು. ಕಟ್ಟಳೆಯಿಂದ ವಿನಾಯಿತಿ ಇದ್ದದ್ದು ಮಕ್ಕಳಿಗೆ ಮಾತ್ರ, ಅದೂ ಅವರ ತಲೆ ಒಂದು ಗುರುತನ್ನು ಮುಟ್ಟುವ ತನಕ.

ಆ ಗುರುತು ಇದ್ದದ್ದು ಸಾಲಿನ ಕೊನೆಯ ರೈಲಿನಂಗಡಿಯಲ್ಲಿ. ಅಂಗಡಿಗೆ ಎರಡು ಬಾಗಿಲು. ಪಕ್ಕದ ಗೋಡೆಯಲ್ಲಿದ್ದದ್ದು ಬರುವ ಬಾಗಿಲು, ಬಯಲಿಗೆ ತೆರೆಯುವುದು ಹೋಗುವ ಬಾಗಿಲು. ಊರಿನ ಪ್ರತಿಯೊಂದು ಮಗುವೂ ಬರುವ ಬಾಗಿಲಿನಿಂದ ಒಳಗೆ ಬಂದು ಒಂದು ರೈಲನ್ನು ಒಯ್ಯುತ್ತಿತ್ತು. ಒಳಗೆ ತಗಡಿನ ವಾಸನೆ, ಹರಳೆಣ್ಣೆಯ ವಾಸನೆ, ಹೊಸ ಬಣ್ಣದ ವಾಸನೆ. ಅಟ್ಟಣಿಗೆಯ ಮೇಲೆ ಕೆಂಪು ಇಂಜಿನ್ನುಗಳು, ಹಸಿರು ಇಂಜಿನ್ನುಗಳು, ಹೊಟ್ಟೆಯೊಳಗೆ ಸ್ಪ್ರಿಂಗು ಸುತ್ತಿಕೊಂಡು ಮಲಗಿರುತ್ತಿದ್ದವು. ಎದುರಿನ ಗಾಜಿನ ಮೇಲೆ ಮೂಗು ಒತ್ತಿದ ಗುರುತುಗಳು. ಅಂಗಡಿಯಜ್ಜ ಅವನ್ನು ಒರೆಸುತ್ತಿರಲಿಲ್ಲ. "ಒರೆಸಿದರೆ ನಾಳೆ ಬರೋ ಮೂಗಿಗೆ ಜಾಗ ತಿಳಿಯೋದಿಲ್ಲ" ಅನ್ನುತ್ತಿದ್ದ.

ರೈಲನ್ನು ಕಣ್ಣಿನಿಂದ ಆರಿಸುವಂತಿರಲಿಲ್ಲ. ಅಜ್ಜ ಮಗುವಿನ ಕಣ್ಣು ಮುಚ್ಚಿಸಿ, ಒಂದೊಂದೇ ಇಂಜಿನ್ನನ್ನು ಅದರ ಕಿವಿಯ ಹತ್ತಿರ ಹಿಡಿದು ಕೀಲಿ ತಿರುಗಿಸುತ್ತಿದ್ದ. ಒಂದಕ್ಕಿದ್ದ ಸದ್ದು ಇನ್ನೊಂದಕ್ಕಿಲ್ಲ, ಒಂದರ ಕೀಲಿ ಇನ್ನೊಂದಕ್ಕೆ ಕೂರುವುದಿಲ್ಲ. ಯಾವ ಸದ್ದಿಗೆ ಮಗು ನಗುತ್ತದೋ ಅದು ಅದರ ರೈಲು. ಜೊತೆಗೆ ಬಾಗಿದ ಹಳಿಗಳ ಒಂದು ಕಟ್ಟು. ಮನೆಗೆ ಹೋಗಿ ಜೋಡಿಸಿದರೆ ಒಂದು ಸುತ್ತು.

ಮಗುವಿನ ತಲೆ ಹೋಗುವ ಬಾಗಿಲಿನ ಚೌಕಟ್ಟಿನ ಗುರುತಿಗೆ ಮುಟ್ಟಿದ ದಿನ, ಮಕ್ಕಳ ಎತ್ತರ ನೋಡುವ ಅಳತೆಯವನು ಕೋಲು ನೆಲಕ್ಕೆ ಕುಟ್ಟುತ್ತಿದ್ದ. ಮಗು ತನ್ನ ಕೈಯಾರೆ ರೈಲನ್ನೂ ಹಳಿಯನ್ನೂ ತಂದೊಪ್ಪಿಸಬೇಕು. ಬಾಗಿದ ಹಳಿಯನ್ನು ಅಂಗಡಿಯ ಮುಂದಿನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತಿದ್ದರು. ಮೊದಲ ಪೆಟ್ಟು ಮಗುವಿನದು, ಉಳಿದದ್ದು ದೊಡ್ಡವರದು. ಕೀಲಿಯನ್ನು ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕಿ, ಮಗುವನ್ನು ಬರಿಗೈಯಲ್ಲಿ ಹೋಗುವ ಬಾಗಿಲಿನಿಂದ ಹೊರಗೆ ಕಳಿಸುತ್ತಿದ್ದರು. ನೆಟ್ಟಗಾದ ಹಳಿಯನ್ನು ಬುಟ್ಟಿಯಲ್ಲಿ ಹೊತ್ತು ಬಯಲಿಗೆ ಒಯ್ಯುತ್ತಿದ್ದರು. ಆ ಬಾಗಿಲಿನ ಹೊಸ್ತಿಲಿನಿಂದಲೇ ಹೊರಟಿತ್ತು ಊರಿನ ಹಳಿ. ಎರಡು ಬೆರಳಗಲ, ಬಯಲಿನುದ್ದಕ್ಕೂ, ಕಣ್ಣು ಮುಟ್ಟದಷ್ಟು ದೂರ. ಅಜ್ಜಂದಿರ ಹಳಿಗೆ ಅಪ್ಪಂದಿರ ಹಳಿ, ಅದಕ್ಕೆ ಮಕ್ಕಳ ಹಳಿ. ಸುತ್ತಿಗೆಯ ಪೆಟ್ಟು ಬಿದ್ದ ಮಗ್ಗುಲು ಯಾವಾಗಲೂ ಎಡಗೈ ಕಡೆಗೆ ಬರುವಂತೆ ಕೂರಿಸುವುದು ಪದ್ಧತಿ. ಹಳಿ ಹಾಕಿದ ಜಾಗದಲ್ಲೇ, ಪಕ್ಕದ ಹುಲ್ಲಿನಲ್ಲಿ, ಆ ಮಗುವಿನ ರೈಲನ್ನು ಇಟ್ಟು "ತಲುಪಿತು" ಎಂದು ಹೇಳಿ, ಹಿಂತಿರುಗಿ ನೋಡದೆ ಬರುತ್ತಿದ್ದರು.

ಹಳಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದರೆ, ತಲುಪುವ ಊರಿಗೆ ಅನ್ನುತ್ತಿದ್ದರು. ಅದು ನೆಟ್ಟಗಿದೆಯೇ ಎಂದು ಯಾರೂ ಬಗ್ಗಿ ಕಣ್ಣಿಟ್ಟು ನೋಡಿರಲಿಲ್ಲ. ನೆಟ್ಟಗಿದೆ ಎಂದು ಹಿರಿಯರು ಹೇಳಿದ್ದನ್ನು ಬಗ್ಗಿ ನೋಡುವುದು ಮರ್ಯಾದೆಯಲ್ಲ.

ಆ ಊರಿನಲ್ಲಿ ಒಬ್ಬಳು ಬುಟ್ಟಿಯವಳಿದ್ದಳು. ಅಂಗಡಿಯ ಪಕ್ಕದ್ದೇ ಅವಳ ಮನೆ. ಬಿದಿರು ಸೀಳಿ, ನೀರಲ್ಲಿ ನೆನೆಸಿ, ಹಳಿ ಹೊರುವ ಬುಟ್ಟಿಗಳನ್ನು ಹೆಣೆಯುವುದು ಅವಳ ಕಸುಬು. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳು ಮಗಳಿದ್ದಳು. ಮಗಳ ರೈಲು ಹಸಿರು. ಸುತ್ತು ಮುಗಿಸಿದಾಗಲೆಲ್ಲ ಸಣ್ಣಗೆ ಒಂದು ಸಿಳ್ಳು ಹಾಕುತ್ತಿತ್ತು. ಹಿಂದಿನ ಡಬ್ಬಿಯಲ್ಲಿ ಮಗಳು ಒಂದು ಹುಣಸೆಬೀಜ ಇಡುತ್ತಿದ್ದಳು. ರೈಲು ಒಂದು ಸುತ್ತು ಬಂದರೆ ಬೀಜವನ್ನು ಅವ್ವ ತೆಗೆಯಬೇಕು. ಇನ್ನೊಂದು ಸುತ್ತಿಗೆ ಅವ್ವ ಇಡಬೇಕು, ಮಗಳು ತೆಗೆಯಬೇಕು. ಬುಟ್ಟಿಯವಳು ಒಂದು ಕೈಯಲ್ಲಿ ಬಿದಿರು ಹಿಡಿದು ಇನ್ನೊಂದು ಕೈಯಲ್ಲಿ ಬೀಜ ತೆಗೆಯುತ್ತಿದ್ದಳು.

ಮಗಳು ಹಾಸಿಗೆ ಹಿಡಿದ ಮೇಲೆ ರೈಲು ಹಾಸಿಗೆಯ ಸುತ್ತ ಓಡಿತು. ಮಗಳು ಹಿಂದಿನ ಕುರುಡು ಗೋಡೆಯನ್ನೇ ನೋಡುತ್ತ ಮಲಗಿರುತ್ತಿದ್ದಳು.

"ಅವ್ವಾ, ಈ ಗೋಡೆಯಾಚೆ ಏನಿದೆ?"

"ಏನೂ ಇಲ್ಲ, ಕೂಸೇ."

"ಹಾಗಾದರೆ ಒಂದು ಕಿಂಡಿ ಮಾಡು. ಏನೂ ಇಲ್ಲದ್ದನ್ನ ರೈಲು ನೋಡಿಕೊಂಡು ಬರಲಿ."

"ಗೋಡೆ ಒಡೀಬಾರದು ಕಣೆ. ವಾಸಿಯಾಗಲಿ, ಆಮೇಲೆ ನೋಡೋಣ."

ವಾಸಿಯಾಗಲಿಲ್ಲ. ಮಣ್ಣಿಗಿಡುವಾಗ ಊರವರು ತಮ್ಮ ಮಾತು ಹೇಳಿದರು. ಹೋಗುವುದು ತಲುಪಬೇಕು. ತಲುಪಿದ್ದು ನಿಲ್ಲಬೇಕು. ಮೂರನೆಯ ಮಾತಿಗೆ ಬರುವಷ್ಟರಲ್ಲಿ ಬುಟ್ಟಿಯವಳು ಎದ್ದು ಮನೆಗೆ ನಡೆದಿದ್ದಳು. ಬಿದಿರು ಸೀಳುವ ಕತ್ತಿಯನ್ನೂ ಒಂದು ಉಳಿಯನ್ನೂ ತೆಗೆದುಕೊಂಡು ಹಿಂದಿನ ಗೋಡೆಯ ಬುಡದಲ್ಲಿ ಕೂತಳು. ಮಣ್ಣು ಉದುರಿತು, ಇಟ್ಟಿಗೆ ಸಡಿಲಿತು, ಹೊರಗಿನ ಬೆಳಕು ಒಂದು ಬೊಗಸೆಯಷ್ಟು ಒಳಗೆ ಬಂತು. ಅವಳು ಇಲಿಬಿಲದಂಥ ಎರಡು ಕಿಂಡಿ ಮಾಡಿದಳು. ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಅರ್ಧ ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ ಹಳಿ ಜೋಡಿಸಿ, ಡಬ್ಬಿಯಲ್ಲಿ ಒಂದು ಹುಣಸೆಬೀಜವಿಟ್ಟು ಕೀಲಿ ಕೊಟ್ಟಳು. ರೈಲು ಏನೂ ಇಲ್ಲದ್ದನ್ನು ನೋಡಿಕೊಂಡು ಬಂದು ಸಿಳ್ಳು ಹಾಕಿತು. ಅವಳು ಬೀಜ ತೆಗೆದಳು. ಮುಂದಿನ ಸುತ್ತಿಗೆ ತಾನೇ ಇಟ್ಟಳು, ಅದನ್ನು ತೆಗೆಯಬೇಕಾದದ್ದು ಮಗಳು. ಸಿಳ್ಳು ಬಂದಾಗ ಅದನ್ನೂ ಅವಳೇ ತೆಗೆದಳು.

ಅಂದಿನಿಂದ ದಿನವೂ ಸಂಜೆ ಹಾಗೆ ಮಾಡಿದಳು. ಪೊದೆಯನ್ನು ಕತ್ತಿಯಿಂದ ಸವರಿ ಗೋಡೆಯ ಹಿಂದೆ ಕೂರುವಷ್ಟು ಜಾಗ ಮಾಡಿಕೊಂಡಳು. ಡಬ್ಬಿಯಿಂದ ಜಾರಿ ಬಿದ್ದ ಒಂದು ಬೀಜ ಕಿಂಡಿಯ ಹೊರಗೆ ಮೊಳೆತು ಎರಡೆಲೆ ಬಿಟ್ಟಿತು.

ಸಿಳ್ಳು ಅಡಗಿಸಿದರೆ ಅಡಗುವ ಸದ್ದಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳು ಬಂದರೆ ಕೊಡ ಸರಿಸಿಕೊಂಡು ನಿಂತರು.

"ಬುಟ್ಟಿ ಹೆಣೆದೂ ಹೆಣೆದೂ ಇವಳ ತಲೇನೂ ಬುಟ್ಟಿಯಾಗಿದೆ ಕಣ್ರೇ," ಎಂದಳು ಒಬ್ಬಳು.

"ಬುಟ್ಟಿಯಲ್ಲಾದರೂ ಏನಾದರೂ ನಿಲ್ಲುತ್ತೆ," ಎಂದಳು ಬುಟ್ಟಿಯವಳು ಹಗ್ಗ ಜಗ್ಗುತ್ತ. "ನಿಮ್ಮದು ಜರಡಿ."

ಒಂದು ದಿನ ಅಳತೆಯವನು ಕೋಲು ಹಿಡಿದು ಬಂದು ಅವಳ ಜಗಲಿಯ ಮೇಲೆ ಕೂತ. ಕೆಟ್ಟ ಮನುಷ್ಯನಲ್ಲ. ಅಳೆಯುವುದು ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದವನು.

"ಏನಕ್ಕಾ, ರೈಲು ಇನ್ನೂ ಓಡ್ತಿದೆಯಂತೆ."

"ಓಡ್ತಿದೆ."

"ಮಗು ಇಲ್ಲದ ಮನೆಯಲ್ಲಿ?"

"ಮಗು ಇಲ್ಲ ಅಂತ ನನಗೂ ಗೊತ್ತು ಅಣ್ಣ. ಅದನ್ನ ಹೇಳೋಕೆ ನೀನು ಕೋಲು ಹಿಡಿದು ಬರಬೇಕಾಗಿರಲಿಲ್ಲ."

ಅವನು ನೆಲ ನೋಡಿದ. "ಕಟ್ಟಳೆ ಅಂತ ಒಂದಿದೆಯಲ್ಲ."

"ಅದನ್ನೇ ಕೇಳ್ತೀನಿ. ತಲೆ ಗುರುತಿಗೆ ಮುಟ್ಟಿದ ದಿನ ಮಗು ತನ್ನ ಕೈಯಾರೆ ತಂದುಕೊಡಬೇಕು. ಅದು ತಾನೇ ಕಟ್ಟಳೆ?"

"ಹೌದು."

"ನನ್ನ ಮಗಳನ್ನ ಕೊನೇ ಸಲ ಅಳೆದವನು ನೀನೇ. ಮುಟ್ಟಿತ್ತಾ?"

"ಇಲ್ಲ. ಇನ್ನೂ ಒಂದು ಗೇಣಿತ್ತು."

"ಹಾಗಾದರೆ ಮುಟ್ಟೋ ತನಕ ಕಾಯಿ," ಎಂದು ಅವಳು ಬಿದಿರು ಸೀಳತೊಡಗಿದಳು.

ಅಳತೆಯವನು ಎದ್ದು ಹೋಗಲಿಲ್ಲ. ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ ಹತ್ತಿರ ಸರಿದ. "ತಲುಪುವ ಊರು ಕಾಣ್ತಿದೆ ಅಕ್ಕಾ. ಹೋದ ಸಲ ಹಳಿಯ ತುದಿಗೆ ಹೋದವರು ಕಣ್ಣಾರೆ ನೋಡಿದಾರೆ. ಹೊಗೆ ಏಳುತ್ತಂತೆ, ಕೋಳಿ ಕೂಗುತ್ತಂತೆ. ಅಲ್ಲಿನ ಹೊಗೆ ಸಹ ನಮ್ಮದಕ್ಕಿಂತ ಬೆಳ್ಳಗಂತೆ. ಸಂಜೆಯಾದರೆ ರೈಲಿನ ಸಿಳ್ಳು ಕೇಳಿಸುತ್ತಂತೆ! ಅಂಥ ಊರು. ಇನ್ನೊಂದೇ ಒಂದು ಸುತ್ತಿನ ಹಳಿ ಕಡಿಮೆ ಬಿದ್ದಿದೆ. ಈ ವರ್ಷ ಗುರುತು ಮುಟ್ಟೋ ಮಗು ಊರಲ್ಲಿ ಒಂದೂ ಇಲ್ಲ. ನಿನ್ನದೊಂದೇ ಉಳಿದಿರೋದು. ಇಷ್ಟು ತಲೆಮಾರಿನ ಕೆಲಸ ನಿನ್ನ ಒಬ್ಬಳ ಹಟಕ್ಕೆ ನಿಲ್ಲಬೇಕಾ?"

"ಅಲ್ಲಿ ರೈಲಿನ ಸಿಳ್ಳಾ?"

"ಹೂಂ. ಸಣ್ಣಗೆ, ಹಕ್ಕಿ ಕೂಗಿದ ಹಾಗೆ ಅಂತ."

ಅವಳ ಕತ್ತಿ ಒಂದು ಕ್ಷಣ ನಿಂತಿತು. ಆ ಊರಿನಲ್ಲಿ ರೈಲು ಓಡಿಸಲು ಬಿಡುತ್ತಾರೆ ಎಂಬುದಷ್ಟೇ ಅವಳಿಗೆ ಹೊಳೆದದ್ದು. ಅಂಥ ಊರಿಗೆ ತನ್ನ ಹಳಿಯನ್ನು ಸುತ್ತಿಗೆಯಲ್ಲಿ ಹೊಡೆಸಿ ಕೊಡುವುದೇತಕ್ಕೆ?

"ಕೊಡೋದಿಲ್ಲ," ಎಂದಳು.

ಸ್ಪ್ರಿಂಗು ಬಿಗಿಯಾಗಿದೆ ಎನ್ನಿಸಿ ಮಾರನೆಯ ದಿನ ಅವಳು ಅಂಗಡಿಗೆ ಹೋದಳು. ಬರುವ ಬಾಗಿಲು ಅರ್ಧ ಮುಚ್ಚಿತ್ತು. ಅಟ್ಟಣಿಗೆ ಖಾಲಿ, ಗಾಜಿನ ಮೇಲಿನ ಮೂಗುಗಳು ಮಾತ್ರ ಹಾಗೇ ಇದ್ದವು. ಅವುಗಳಲ್ಲಿ ಒಂದು ತನ್ನದು, ಒಂದು ತನ್ನ ಮಗಳದು ಎಂದು ಅವಳಿಗೆ ಗೊತ್ತಿತ್ತು, ಯಾವುದೆಂದು ಗೊತ್ತಿರಲಿಲ್ಲ. ಗೋಡೆಯ ತುಂಬ ಕೀಲಿಗಳು, ಗಾಳಿಗೆ ಒಂದನ್ನೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಂಗಡಿಯಜ್ಜ ಸ್ಟೂಲಿನ ಮೇಲೆ ಕೂತಿದ್ದ. ಅಳತೆಯವನು ಗೋಡೆಯನ್ನು ಕೋಲಿನಿಂದ ಅಳೆಯುತ್ತಿದ್ದ.

"ಬಾ ಮಗಳೇ," ಎಂದ ಅಜ್ಜ. "ಇವನು ನನ್ನ ಅಂಗಡಿ ಅಳೀತಿದಾನೆ. ತಲುಪಿದ ಮೇಲೆ ಅಂಗಡಿ ಯಾಕೆ, ಕೀಲಿ ಯಾಕೆ ಅಂತಾನೆ. ಕೀಲಿಗಳನ್ನೆಲ್ಲ ಕರಗಿಸಿ, ಕೊನೆಯ ಹಳಿಗೆ ಒಂದು ದೊಡ್ಡ ಮೊಳೆ ಮಾಡಿಸ್ತಾರಂತೆ."

"ನೀವು ಏನಂದಿರಿ ಅಜ್ಜ?"

"ನಾನೇನನ್ನಲಿ? ಕೊಡೋ ಕೈಯೂ ನನ್ನದೇ, ಕಸಿಯೋ ಕೈಯೂ ನನ್ನದೇ. ಅಂಥವನ ಬಾಯಿಗೆ ಮಾತು ಎಲ್ಲಿಂದ ಬರಬೇಕು." ಅಜ್ಜ ಅವಳ ಇಂಜಿನ್ನಿನ ಹೊಟ್ಟೆಗೆ ಹರಳೆಣ್ಣೆ ಬಿಟ್ಟ. ಆಮೇಲೆ ಅಳತೆಯವನ ಬೆನ್ನಿಗೆ ಹೇಳಿದ: "ಲೋ ಮರಿ, ನಿನ್ನ ಕೀಲಿಯೂ ಅಲ್ಲೇ ಇದೆ. ಕೆಳಗಿನ ಸಾಲು, ಮೂಲೆಯಲ್ಲಿ. ನೀನು ಡಬ್ಬಿ ತುಂಬ ಗುಲಗಂಜಿ ತುಂಬ್ತಿದ್ದೆಯಲ್ಲೋ. ಓಡೋವಾಗ ಬೀದಿಯೆಲ್ಲ ಕೆಂಪಗೆ ಚೆಲ್ಲೋದು. ನಿಮ್ಮವ್ವ ಪೊರಕೆ ಹಿಡಿದು ಹಿಂದೆ ಬರೋಳು."

"ನನಗೆ ನೆನಪಿಲ್ಲ," ಎಂದ ಅಳತೆಯವನು, ತಿರುಗದೆ.

"ನಿನ್ನನ್ನ ಯಾರು ಕೇಳಿದರು? ನನಗೆ ನೆನಪಿದೆ."

ಬುಟ್ಟಿಯವಳು ರೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಅಳತೆಯವನು ಆಗ ತಿರುಗಿದ. "ಅಕ್ಕಾ, ಇದ್ದ ಹಳಿಯ ಕೀಲುಗಳನ್ನೇ ಸಡಿಲಿಸಿ, ಎಳೆದು ಉದ್ದ ಮಾಡ್ಕೊಂಡು ನಾವು ಹೋಗ್ತೀವಿ. ಊರಿಗೆ ಊರೇ ಹೊರಡುತ್ತೆ. ತಲುಪಿ ಬಂದ ಮೇಲೆ ನಿನ್ನ ರೈಲನ್ನ ಈ ಕಲ್ಲಿನ ಮೇಲಿಟ್ಟು ನಾನೇ ಒಡೀತೀನಿ. ಆಮೇಲೆ ಅಣ್ಣ ಹೇಳಲಿಲ್ಲ ಅನ್ನಬೇಡ."

"ತಲುಪಿ ಬಾ," ಎಂದಳು ಅವಳು. "ಆಮೇಲೆ ನೋಡೋಣ."

ಊರು ಹೊರಟಿತು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಎಲೆಯಡಿಕೆ ಕಟ್ಟಿಕೊಂಡು, ತಲುಪುವ ಊರಿನವರಿಗೆ ಕೊಡಲು ಬೆಲ್ಲ ಕೊಬ್ಬರಿ ಹೊತ್ತು ಹೊರಟಿತು. ಉಳಿದದ್ದು ನಡೆಯಲಾರದ ಮುದುಕರು, ಎಳೆಯ ಮಕ್ಕಳು, ಅವರ ತಾಯಂದಿರು, ಅಂಗಡಿಯಜ್ಜ, ಮತ್ತು ಬುಟ್ಟಿಯವಳು. ಹೋದವರು ಹಳಿಯ ಪಕ್ಕದಲ್ಲೇ ನಡೆದರು. ಎಡಬಲದ ಹುಲ್ಲಿನಲ್ಲಿ ರೈಲುಗಳು ಬಿದ್ದಿದ್ದವು: ಬಣ್ಣ ಹೋದವು, ತುಕ್ಕು ತಿಂದವು, ಡಬ್ಬಿಯೊಳಗೆ ಗುಬ್ಬಿ ಗೂಡು ಕಟ್ಟಿದವು. ನಿಂತದ್ದನ್ನು ಮರೆಯಬೇಕಾದ್ದರಿಂದ ಎಲ್ಲರೂ ಮುಂದೆ ನೋಡಿಕೊಂಡೇ ನಡೆದರು. ಹಳೆಯ ಮಾತನ್ನು ಹೇಳಿಕೊಳ್ಳುತ್ತ ಬಯಲಿನಲ್ಲಿ ಬಹಳ ದಿನ ನಡೆದರು. ಸೂರ್ಯ ಮೊದಮೊದಲು ಅವರ ಮುಖದ ಮೇಲೆ ಹುಟ್ಟುತ್ತಿದ್ದ. ಆಮೇಲೆ ಪಕ್ಕೆಯ ಮೇಲೆ ಹುಟ್ಟಿದ. ಆಮೇಲೆ ಬೆನ್ನಿನ ಮೇಲೆ, ಇನ್ನೊಂದು ಪಕ್ಕೆಯ ಮೇಲೆ, ಕೊನೆಗೆ ಮತ್ತೆ ಮುಖದ ಮೇಲೆಯೇ ಹುಟ್ಟಿದ. ದೂರದ ಸೀಮೆಯಲ್ಲಿ ಸೂರ್ಯನ ರೀತಿಯೇ ಬೇರೆ ಎಂದು ಅವರು ಮಾತಾಡಿಕೊಂಡರು.

ಬುಟ್ಟಿಯವಳು ಅಷ್ಟೂ ದಿನ ಗೋಡೆಯ ಹಿಂದೆ ಕೂತು ಬುಟ್ಟಿ ಹೆಣೆದಳು. ಹುಣಸೆಗಿಡಕ್ಕೆ ನೀರು ಹಾಕಿದಳು. ಸಂಜೆ ಕೀಲಿ ಕೊಟ್ಟಳು. ರೈಲು ಹೋಯಿತು, ರೈಲು ಬಂತು. ಊರಿನಲ್ಲಿ ತಡೆಯುವವರಿಲ್ಲದ್ದರಿಂದ ಎಳೆಯ ಮಕ್ಕಳು ಅವಳ ಕಿಂಡಿಯ ಹತ್ತಿರ ಬಂದು ಕೂತವು. ಪ್ರತಿ ಸಿಳ್ಳಿಗೂ ಒಂದೊಂದು ಮಗು ಕೈ ಚಾಚಿ ಬೀಜ ತೆಗೆಯಿತು, ಬೀಜ ಇಟ್ಟಿತು. ಒಳ್ಳೆಯದಾಯಿತು ಎಂದು ಅವಳಿಗೆ ಅನ್ನಿಸಲಿಲ್ಲ. ಬೇಡ ಎಂದೂ ಅನ್ನಿಸಲಿಲ್ಲ. ಆ ಕೈಗಳು ಮಗಳ ಕೈಗಳಲ್ಲ. ಆದರೆ ಬೀಜ ಇಡುವುದಕ್ಕೆ ಕೈ ಬೇಕು.

ಒಂದು ಬೆಳಿಗ್ಗೆ ಮಕ್ಕಳಿನ್ನೂ ಬಂದಿರಲಿಲ್ಲ. ಅವಳು ಬೆನ್ನು ಬಾಗಿಸಿ ಹಳಿಯ ಮೇಲೆ ಬಿದ್ದ ಎಲೆ ಗುಡಿಸುತ್ತಿದ್ದಾಗ ಪೊದೆ ಅಲುಗಿತು. ಮುಳ್ಳು ಕತ್ತರಿಸುವ ಸದ್ದು, ಹಳಿಗೆ ಹಳಿ ಕೂರಿಸುವ ಸದ್ದು, ಬಹಳ ಜನ ಉಸಿರು ಬಿಗಿಹಿಡಿದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು, ಹೊಸಬರ ಹತ್ತಿರ ಮಾತಾಡುವ ತಗ್ಗಿದ ದನಿಯಲ್ಲಿ ಯಾರೋ ಕೇಳಿದರು:

"ತಾಯೀ, ತಮ್ಮದು ಯಾವ ಊರು?"

ಅವಳು ತಿರುಗಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು. ಅದು ತನ್ನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿದ್ದು ಇದೇ ಮೊದಲು.

"ನಾವು ಬಹಳ ದೂರದಿಂದ ಬಂದೆವು ತಾಯೀ," ಎಂದಿತು ದನಿ. "ತಲೆಮಾರುಗಳಿಂದ ನಿಮ್ಮಲ್ಲಿಗೇ ಬರ್ತಾ ಇದೀವಿ. ನಿಮ್ಮ ರೈಲಿನ ಸಿಳ್ಳು ಕೇಳಿಕೊಂಡೇ ಬಂದೆವು."

ಬುಟ್ಟಿಯವಳು ಸೊಂಟ ನೆಟ್ಟಗೆ ಮಾಡಿ ತಿರುಗಿದಳು. ಅಳತೆಯವನು ಕೈ ಮುಗಿದುಕೊಂಡು ನಿಂತಿದ್ದ. ಅವನ ಹಿಂದೆ ಮುಳ್ಳು ಗೀರಿದ ಒಳ್ಳೆಯ ಬಟ್ಟೆಯಲ್ಲಿ ಊರಿಗೆ ಊರೇ ನಿಂತಿತ್ತು.

"ಅಣ್ಣಾ, ಈ ಅಮ್ಮ ಥೇಟು ನಮ್ಮ ಬುಟ್ಟಿಯವಳ ಹಾಗೇ ಇದಾಳೆ," ಎಂದ ಹಿಂದಿನಿಂದ ಒಬ್ಬ, ಬೆರಗಿನಿಂದ.

ಇನ್ನೊಬ್ಬ ನೆಲಕ್ಕೆ ಬಗ್ಗಿ ಕಿಂಡಿಯೊಳಗೆ ಇಣುಕಿದ. "ಇಲ್ಲೂ ಒಂದು ಜಗಲಿ ಇದೆ! ಜಗಲಿಯಾಚೆ ಒಂದು ಬಯಲಿದೆ!" ಎದ್ದು ಗೋಡೆಯ ಮೂಲೆಯಿಂದ ಕತ್ತು ಚಾಚಿದ. "ಅಯ್ಯೋ ಅಣ್ಣಾ, ಪಕ್ಕದಲ್ಲಿ ನಮ್ಮ ಅಂಗಡಿಯಂಥದೇ ಅಂಗಡಿ. ನಮ್ಮ ಅಜ್ಜನಂಥ ಅಜ್ಜ ಹೊಸ್ತಿಲ ಮೇಲೆ ಕೂತು ಹಲ್ಲುಜ್ಜುತಾ ಇದಾನೆ."

ಅಳತೆಯವನ ಕೈಗಳು ಮುಗಿದದ್ದು ಮುಗಿದಂತೆಯೇ ಇದ್ದವು, ಬಿಚ್ಚುವುದು ಹೇಗೆಂದು ಮರೆತ ಹಾಗೆ. ಹಳಿ ಹೊತ್ತು ಬಂದವರಲ್ಲಿ ಹಿರಿಯನೊಬ್ಬ ಮೆಲ್ಲಗೆ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ತಾವು ಹಾಕಿದ ಹಳಿಯ ಮೇಲೆ ಒಂದು ಕಣ್ಣಿಟ್ಟು ನೋಡಿದ. ಆ ಊರಿನಲ್ಲಿ ಹಾಗೆ ನೋಡಿದವರಲ್ಲಿ ಅವನೇ ಮೊದಲಿಗ. ಬಹಳ ಹೊತ್ತು ನೋಡಿದ. ಎದ್ದಾಗ ಅವನ ಕೆನ್ನೆಗೆ ಮಣ್ಣು ಹತ್ತಿತ್ತು.

"ಬಾಗಿದೆ," ಎಂದ. "ಎಳೆಯಷ್ಟೇ ಬಾಗಿದೆ. ಒಂದೊಂದೂ ಎಳೆಯಷ್ಟೇ."

ಎಷ್ಟು ಬಡಿದರೂ ಪ್ರತಿಯೊಂದು ಹಳಿಯಲ್ಲೂ ತನ್ನ ಹಳೆಯ ಸುತ್ತು ಒಂದಿಷ್ಟು ಉಳಿದಿತ್ತು. ಪೆಟ್ಟು ಬಿದ್ದ ಮಗ್ಗುಲನ್ನು ಎಲ್ಲರೂ ಒಂದೇ ಕಡೆಗೆ ಕೂರಿಸಿಕೊಂಡು ಬಂದಿದ್ದರು. ತಲೆಮಾರಿನಿಂದ ತಲೆಮಾರಿಗೆ ಎಳೆಯಷ್ಟು ಎಳೆಯಷ್ಟು ತಿರುಗಿ, ಬಯಲನ್ನೆಲ್ಲ ಬಳಸಿ, ಹಳಿ ಅವರನ್ನು ತಮ್ಮದೇ ಮನೆಗಳ ಬೆನ್ನಿಗೆ ತಂದು ನಿಲ್ಲಿಸಿತ್ತು.

ಅಳತೆಯವನು ಕೊನೆಗೂ ಕೈ ಇಳಿಸಿದ. ದನಿ ಗಟ್ಟಿ ಮಾಡಿಕೊಂಡ. "ಯಾರೂ ಮಾತಾಡಬೇಡಿ. ಈ ತುದಿಯನ್ನ ಕೀಳಿ. ಬಲಕ್ಕೆ ತಿರುಗಿಸಿ ಮತ್ತೆ ಹಾಕೋಣ. ಈ ಗೋಡೆಯ ತೂತು ಮುಚ್ಚಿ. ಅಕ್ಕಾ, ಆ ರೈಲು ತೆಗಿ. ಎಲ್ಲಿಗೂ ತಲುಪದ್ದು ಊರಲ್ಲಿ ಇರಕೂಡದು."

"ಹಾಗಾದರೆ ಮೊದಲು ನಿಮ್ಮ ಹಳಿ ಕಿತ್ತು ಹಾಕಿ," ಎಂದಳು ಬುಟ್ಟಿಯವಳು. "ಅದೂ ತಲುಪಿಲ್ಲ."

"ಅದು ತಪ್ಪಿ ಆದದ್ದು!"

"ನಂದು ತಪ್ಪಿ ಆದದ್ದಲ್ಲ. ಬೇಕು ಅಂತಲೇ ಸುತ್ತುಹಾಕಿದ್ದು." ಅವಳು ಕಿಂಡಿಗೆ ಅಡ್ಡ ಕೂತಳು. "ಮಗಳು ಬರೋದಿಲ್ಲ ಅಂತ ನನಗೆ ಗೊತ್ತು. ಬರಲಿ ಅಂತ ಕೀಲಿ ಕೊಡ್ತಿಲ್ಲ ನಾನು. ಆದರೆ ಮುಗೀತು ಅಂತ ಹೇಳು ಅಂದರೆ ಹೇಳೋದಿಲ್ಲ. ಮರೆ ಅಂದರೆ ಮರೆಯೋದಿಲ್ಲ. ಈ ಹಳಿ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತೆ. ಒಡೀತೀನಿ ಅಂದೆಯಲ್ಲ, ತಲುಪಿ ಬಂದ ಮೇಲೆ? ತಲುಪಿದೀಯಾ? ತಲುಪಿದ್ದರೆ ಒಡಿ."

ಅಳತೆಯವನು ಕೋಲು ಎತ್ತಿದ. ಎತ್ತಿದ ಕೋಲು ಗಾಳಿಯಲ್ಲಿ ನಿಂತಿತು. ಅವಳು ಅದನ್ನು ನೋಡಲೂ ಇಲ್ಲ. ಎದ್ದು ತನ್ನ ಸುತ್ತನ್ನು ಬಿಚ್ಚಿದಳು. ಬಾಗಿದ ಹಳಿಯ ಒಂದು ತುಂಡನ್ನು ಊರಿನ ಹಳಿಯ ತುದಿಗೆ ಹಿಡಿದಳು. ಕೂತಿತು. ಇನ್ನೊಂದು ತುಂಡು ಕಿಂಡಿಯೊಳಗೆ. ಇನ್ನೊಂದು ಮಗಳ ಹಾಸಿಗೆ ಇದ್ದ ಜಾಗದ ಪಕ್ಕದಲ್ಲಿ. ಇನ್ನೊಂದು ಹೊಸ್ತಿಲ ಮೇಲೆ, ಇನ್ನೊಂದು ಜಗಲಿಯ ಇಳಿಜಾರಿನಲ್ಲಿ. ಜನ ಗೋಡೆ ಸುತ್ತಿಕೊಂಡು ಓಡೋಡಿ ಮುಂದಕ್ಕೆ ಬಂದರು. ಕೊನೆಯ ತುಂಡು ಅಂಗಡಿಯ ಹೋಗುವ ಬಾಗಿಲಿನ ಹೊಸ್ತಿಲಿಗೆ, ಅಜ್ಜಂದಿರ ಅಜ್ಜಂದಿರು ಹಾಕಿದ ಮೊದಲ ಹಳಿಗೆ ಹೋಗಿ ಸೇರಿತು. ಸುತ್ತಿಗೆಯ ಒಂದು ಪೆಟ್ಟೂ ಬೇಕಾಗಲಿಲ್ಲ.

ಅವಳು ಹಸಿರು ರೈಲನ್ನು ಹಳಿಯ ಮೇಲಿಟ್ಟಳು. ಡಬ್ಬಿಯಲ್ಲಿ ಒಂದು ಹುಣಸೆಬೀಜ. ಬಿಗಿಯಾಗುವ ತನಕ ಕೀಲಿ ತಿರುಗಿಸಿದಳು.

"ಅಷ್ಟು ದೂರ ಅದರ ಸ್ಪ್ರಿಂಗು ಎಳೆಯೋದಿಲ್ಲ," ಎಂದ ಅಳತೆಯವನು. ಈಗ ಅವನ ದನಿಯಲ್ಲಿ ಕಟ್ಟಳೆ ಇರಲಿಲ್ಲ. "ಆ ಮೊದಲ ತಿರುವು ದಾಟೋದಿಲ್ಲ ಅಕ್ಕ. ನಿಂತುಬಿಡುತ್ತೆ."

"ನಿಂತರೆ ಯಾರಾದರೂ ಕೀಲಿ ಕೊಡಲಿ," ಎಂದು ಅವಳು ತನ್ನ ಕೀಲಿಯನ್ನು ಡಬ್ಬಿಯೊಳಗೆ, ಬೀಜದ ಪಕ್ಕದಲ್ಲಿ ಇಟ್ಟಳು. ಕೈ ಬಿಟ್ಟಳು.

ರೈಲು ಬಯಲಿಗೆ ಹೋಯಿತು. ಕೈಯಲ್ಲಿ ಬೆಲ್ಲ ಕೊಬ್ಬರಿಯ ಗಂಟು ಹಿಡಿದ ಊರು ಅದನ್ನು ನೋಡುತ್ತ ನಿಂತಿತು. ಮೊದಲ ತಿರುವಿನ ಹತ್ತಿರ ಅದು ನಿಧಾನವಾಯಿತು, ನಿಂತಿತು. "ತಲುಪಿತು" ಎಂದು ಯಾರೂ ಹೇಳಲಿಲ್ಲ. ಆಗ ಬಾವಿಕಟ್ಟೆಯಲ್ಲಿ ಕೊಡ ಸರಿಸಿಕೊಳ್ಳುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಬಹಳ ವಯಸ್ಸಾದವಳು, ಸೀರೆ ಎತ್ತಿ ಕಟ್ಟಿಕೊಂಡು ಬಯಲಿಗೆ ಇಳಿದಳು. ರೈಲಿನ ಹತ್ತಿರ ಕೂತು ಕೀಲಿ ಕೊಟ್ಟಳು. ಅದು ಹೊರಟಿತು. ಅವಳು ಎದ್ದೇಳಲಿಲ್ಲ. ಪಕ್ಕದ ಹುಲ್ಲನ್ನು ಎರಡೂ ಕೈಯಿಂದ ಬಿಡಿಸಿ ಏನನ್ನೋ ಹೊರಗೆ ಎಳೆದಳು. ತುಕ್ಕಿನ ನಡುವೆ ಒಂದು ಚೂರು ಕೆಂಪು ಬಣ್ಣ ಉಳಿದಿತ್ತು.

"ಇದು ನಂದು," ಎಂದು ಕೂಗಿದಳು. "ಲೇ, ಇದು ನಂದು ಕಣ್ರೇ!"

ಜನ ತಿರುಗಿ ಅಂಗಡಿಯ ಕಡೆ ನೋಡಿದರು. ಅಂಗಡಿಯಜ್ಜ ಹಲ್ಲುಜ್ಜಿ ಮುಗಿಸಿ, ಬಾಯಿ ಮುಕ್ಕಳಿಸಿ, ಹೋಗುವ ಬಾಗಿಲನ್ನು ಅಗಲವಾಗಿ ತೆರೆದಿದ್ದ. ಚೌಕಟ್ಟಿನ ಗುರುತಿಗೆ ಸರಿಯಾಗಿ ಒಂದು ಬಿದಿರಿನ ಗಳುವನ್ನು ಅಡ್ಡ ಕಟ್ಟಿ ಪಕ್ಕದಲ್ಲಿ ನಿಂತಿದ್ದ.

"ಕೀಲಿ ಬೇಕಾದವರು ಬನ್ನಿ," ಎಂದ. "ಇವತ್ತು ಬರುವ ಬಾಗಿಲು ಇದೇ. ಗಳು ಮುಟ್ಟದ ಹಾಗೆ ಬನ್ನಿ. ತಲೆ ತಾಗಿದರೆ ಕೀಲಿ ಇಲ್ಲ."

ಬೆಳೆದವರೆಲ್ಲ ಬಗ್ಗಿ ಬಗ್ಗಿ ಒಳಗೆ ಹೋದರು. ಸೊಂಟ ಹಿಡಿದವರು, ಹೊಟ್ಟೆ ಬೆಳೆದವರು ಮಂಡಿಯೂರಿ ಹೋದರು. ಒಬ್ಬರನ್ನೊಬ್ಬರು ನೋಡಿ ಬೈದುಕೊಂಡರು, ನಕ್ಕರು, ಕೆಲವರು ಒಳಗೆ ಹೋಗಿ ಆ ಎಣ್ಣೆಯ ವಾಸನೆಗೆ ಅತ್ತರು. ಹೊರಗೆ ಬಂದವರು ಕೀಲಿ ಹಿಡಿದು ಹಳಿಯ ಜೊತೆ ಜೊತೆಗೆ ನಡೆದರು, ಈ ಸಲ ಹುಲ್ಲನ್ನೇ ನೋಡುತ್ತ. ಅಳತೆಯವನು ಮಾತ್ರ ಕಲ್ಲಿನ ಮೇಲೆ ಕೂತೇ ಇದ್ದ. ಅವನು ಬಗ್ಗಿದನೋ ಇಲ್ಲವೋ ಬುಟ್ಟಿಯವಳು ನೋಡಲಿಲ್ಲ. ಅವಳಿಗೆ ಹೆಣೆಯುವುದಿತ್ತು. ಗೋಡೆಯ ಹಿಂದೆ ಹೋಗಿ ಕೂತಳು.

ಅವಳು ಬಹಳ ದಿನ ಕಾದಳು. ಬಯಲಿಗೆ ಹೋದವರಲ್ಲಿ ಕೆಲವರು ಹಿಂತಿರುಗಿದ್ದರು, ಕೆಲವರು ಇನ್ನೂ ಹುಲ್ಲಿನಲ್ಲಿ ಹುಡುಕುತ್ತಲೇ ಇದ್ದರು. ರೈಲಿನ ಸುದ್ದಿ ಕೇಳಿದಾಗ ಒಬ್ಬರು ಇಲ್ಲಿ ಕಂಡೆ ಎಂದರೆ, ಇನ್ನೊಬ್ಬರು ಅಲ್ಲಿ ಕೀಲಿ ಕೊಟ್ಟೆ ಎನ್ನುತ್ತಿದ್ದರು. ಹುಣಸೆಗಿಡ ಮೊಣಕಾಲೆತ್ತರಕ್ಕೆ ಬಂತು. ಅಕ್ಕಪಕ್ಕದ ಮನೆಗಳ ಕುರುಡು ಗೋಡೆಗಳಿಂದ ಇಟ್ಟಿಗೆ ಸಡಿಲುವ ಸದ್ದು ಕೇಳಿಸತೊಡಗಿತ್ತು.

ಒಂದು ಸಂಜೆ ಪೊದೆಯ ಕಡೆಯಿಂದ ಹಕ್ಕಿ ಕೂಗಿದ ಹಾಗೆ ಸಣ್ಣಗೆ ಸಿಳ್ಳು ಬಂತು. ಹಸಿರು ರೈಲು ಧೂಳು ಹೊತ್ತು, ಚಿಮಣಿಗೆ ಹುಲ್ಲಿನ ಎಳೆ ಸಿಕ್ಕಿಸಿಕೊಂಡು, ಅವಳ ಕಾಲ ಹತ್ತಿರ ಬಂದು ನಿಂತಿತು. ಅವಳು ಬಿದಿರು ಕೆಳಗಿಟ್ಟು ಡಬ್ಬಿಯೊಳಗೆ ಬೆರಳು ಹಾಕಿದಳು. ಕೀಲಿ ಇತ್ತು. ಹುಣಸೆಬೀಜ ಇತ್ತು. ಅದರ ಪಕ್ಕದಲ್ಲಿ, ಅವಳು ಇಡದಿದ್ದ ಒಂದು ಗುಲಗಂಜಿ ಇತ್ತು.

ಅವಳು ಹುಣಸೆಬೀಜವನ್ನು ತೆಗೆದುಕೊಂಡಳು. ಗುಲಗಂಜಿಯನ್ನು ಇದ್ದಲ್ಲೇ ಬಿಟ್ಟು, ಕೀಲಿ ಕೊಟ್ಟಳು.